ಗ್ರಾಫ್ಟನ್‌ಗೆ ಹೋದ ದಿನ

ಒಲೆಗೆ ಇನ್ನೊಂದು ಕೊರಡು ನೂಕಿ, ಹೇಳುತ್ತೇನೆ. ಸಂಜೆಯಿಂದ ನೀವೆಲ್ಲ ನೀಟು, ಕಟ್ ಆಫ್, ಕೋಟಾ ಅಂತ ಮಾತಾಡುತ್ತಿದ್ದರೆ ನನಗೆ ಒಬ್ಬ ಹುಡುಗಿಯದೇ ನೆನಪು. ಅವಳ ಹೆಸರು ಹೇಳುವುದಿಲ್ಲ. ಈಗ ಅವಳು ಡಾಕ್ಟರು, ಅವಳನ್ನು ನಂಬಿ ಬರುವ ಜನ ಇದ್ದಾರೆ.

ನಾನು ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ಶಾಲೆ ನ್ಯೂಜಿಲೆಂಡಿನ ಉತ್ತರ ತುದಿಯಲ್ಲಿ, ನಾರ್ತ್‌ಲ್ಯಾಂಡಿನಲ್ಲಿತ್ತು. ಹೊಕಿಯಾಂಗ ಅಳಿವೆಗೆ ಹತ್ತಿರದ ಒಂದು ಸಣ್ಣ ಊರು. ಹಸಿರು ಗುಡ್ಡ, ಜಿಟಿಜಿಟಿ ಮಳೆ, ಕೆಸರು ದಾರಿ ನೋಡಿ ನನಗೆ ಹೊಸನಗರದ ಕಡೆಗೇ ಬಂದ ಹಾಗಾಗಿತ್ತು. ಮಕ್ಕಳಲ್ಲಿ ಹೆಚ್ಚಿನವರು ಮಾವೋರಿಗಳು, ಙಾಪುಹಿ ಕುಲದವರು. ಹನ್ನೆರಡನೇ ಮತ್ತು ಹದಿಮೂರನೇ ಇಯರಿನ ಕೆಮಿಸ್ಟ್ರಿ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡಬೇಕಿತ್ತು, ಬೇರೆ ಬೇರೆ ತರಗತಿ ಮಾಡುವಷ್ಟು ಮಕ್ಕಳೂ ಇರಲಿಲ್ಲ, ಮೇಷ್ಟರೂ ಇರಲಿಲ್ಲ. ಫಿಸಿಕ್ಸ್ ಬೇಕು ಅಂದವರು ದೂರಶಿಕ್ಷಣದಲ್ಲಿ ಕಲಿಯಬೇಕು. ಡಾಕ್ಟರಾಗುವ ದಾರಿ ಅಲ್ಲಿ ಎಲ್ಲಿ ಮುಚ್ಚುತ್ತಿತ್ತು ಅಂದರೆ, ಯೂನಿವರ್ಸಿಟಿ ಬಾಗಿಲಲ್ಲಿ ಅಲ್ಲ, ಹೈಸ್ಕೂಲಿನ ಟೈಮ್‌ಟೇಬಲ್ಲಿನಲ್ಲೇ.

ಆ ಹುಡುಗಿಗೆ ಹನ್ನೊಂದನೇ ವಯಸ್ಸಿಗೆ ರುಮ್ಯಾಟಿಕ್ ಜ್ವರ ಬಂದಿತ್ತು. ಗಂಟಲು ನೋವಿನಿಂದ ಶುರುವಾಗುವ ಕಾಯಿಲೆ ಅದು. ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಗಂಟಲಿಗೆ ಹತ್ತುತ್ತದೆ. ಅದರ ವಿರುದ್ಧ ಹೋರಾಡಲು ಹೊರಟ ಮೈಯ ನಿರೋಧಕ ಶಕ್ತಿ ತಪ್ಪಿ ತನ್ನದೇ ಕೀಲುಗಳ ಮೇಲೆ, ಹೃದಯದ ಕವಾಟಗಳ ಮೇಲೆ ತಿರುಗಿಬೀಳುತ್ತದೆ. ನಮಗೇನೂ ಹೊಸದಲ್ಲ. ಜಯದೇವ ಆಸ್ಪತ್ರೆಯಲ್ಲಿ ಬಲೂನು ಹಾಕಿ ಕವಾಟ ಬಿಡಿಸಿಕೊಂಡು ಬಂದವರು ನಮ್ಮ ಕಡೆಯ ಊರೂರಲ್ಲಿ ಇದ್ದಾರೆ. ಆದರೆ ನ್ಯೂಜಿಲೆಂಡಿನಂಥ ಅನುಕೂಲಸ್ಥ ದೇಶದಲ್ಲಿ ಈ ಕಾಯಿಲೆ ಉಳಿದುಕೊಂಡಿದೆ ಅಂತ ಗೊತ್ತಾದಾಗ ನನಗೆ ಗಂಟಲು ಕಟ್ಟಿತ್ತು. ಬಿಳಿಯರ ಮಕ್ಕಳಲ್ಲಿ ಹೆಚ್ಚುಕಡಿಮೆ ಮಾಯವಾಗಿದೆ. ಬರುವುದು ಮಾವೋರಿ ಮಕ್ಕಳಿಗೆ, ಪೆಸಿಫಿಕ್ ದ್ವೀಪಗಳಿಂದ ಬಂದವರ ಮಕ್ಕಳಿಗೆ. ಶೀತ ಹಿಡಿದ ಗೋಡೆ, ಒಂದೇ ಬೆಚ್ಚನೆ ಕೋಣೆಯಲ್ಲಿ ಎಲ್ಲರೂ ಒತ್ತಾಗಿ ಮಲಗುವ ಮನೆ, ಗಂಟಲು ನೋವಿಗೆಲ್ಲ ಡಾಕ್ಟರ ಹತ್ತಿರ ಹೋಗುವುದೇ ಅನ್ನುವ ಹಿಂಜರಿಕೆ. ಕಾರಣ ಇಷ್ಟೇ.

ಮತ್ತೆ ಬರದ ಹಾಗೆ ತಡೆಯಲು ಇಪ್ಪತ್ತೆಂಟು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಹತ್ತು ವರ್ಷ. ನರ್ಸಮ್ಮ ಶಾಲೆಗೇ ಬರುತ್ತಿದ್ದರು. ಐಸ್ ಡಬ್ಬಿಯಿಂದ ಸಿರಿಂಜು ತೆಗೆದು ಎರಡು ಅಂಗೈ ನಡುವೆ ಹಿಡಿದು, ರೊಟ್ಟಿಗೆ ಹಿಟ್ಟು ಹೊಸೆಯುವ ಹಾಗೆ ಮೆಲ್ಲಗೆ ಹೊಸೆದು ಬೆಚ್ಚಗೆ ಮಾಡುತ್ತಿದ್ದರು. ಔಷಧಿ ಮಂದ, ತಣ್ಣಗಿದ್ದರೆ ಉರಿ ಹೆಚ್ಚು. ಹುಡುಗಿ ಸೊಂಟದ ಕೆಳಗೆ ಚುಚ್ಚಿಸಿಕೊಂಡು ಕುಂಟುತ್ತಾ ಬಂದು ನನ್ನ ತರಗತಿಯಲ್ಲಿ ಒಂದೇ ಮಗ್ಗುಲಾಗಿ ಕೂರುವಳು. ಒಂದು ದಿನ ಹಾಗೇ ಕೂತು, "ಮಿಸ್, ಈ ಪೆನಿಸಿಲಿನ್ ರಕ್ತಕ್ಕೆ ನಿಧಾನ ಇಳಿಯೋದು ಯಾಕೆ?" ಅಂತ ಕೇಳಿದಳು. ಬೆಂಜಥೀನ್ ಲವಣ ನೀರಲ್ಲಿ ಕರಗುವುದು ಕಡಿಮೆ, ಮಾಂಸಖಂಡದಲ್ಲಿ ಕೂತು ದಿನಾ ಸ್ವಲ್ಪ ಸ್ವಲ್ಪ ಬಿಡುತ್ತದೆ ಅಂದೆ. ಕರಗುವಿಕೆಯ ಪಾಠ ಅಲ್ಲಿಯವರೆಗೆ ಯಾರ ತಲೆಗೂ ಹತ್ತಿರಲಿಲ್ಲ, ಅವತ್ತು ಇಡೀ ಕೋಣೆಗೆ ಹತ್ತಿತು.

ಅದೇ ವರ್ಷ, 2012ರಲ್ಲಿ, ಆಕ್ಲೆಂಡ್ ಯೂನಿವರ್ಸಿಟಿಯವರು ಶಾಲೆಗೆ ಬಂದರು. ಮಾವೋರಿ ಮಕ್ಕಳನ್ನು ಹುಡುಕಿಕೊಂಡು ಊರೂರು ತಿರುಗುವ ಫಕಪಿಕಿ ಆಕೆ ಎಂಬ ತಂಡ, 2003ರಿಂದ ನಡೆಯುತ್ತಿದೆ. ಅದರ ಹಿಂದಿನ ಯೋಜನೆ ಇನ್ನೂ ಹಳೆಯದು. ಆಕ್ಲೆಂಡಿನಲ್ಲಿ ಮೆಡಿಕಲ್ ಸ್ಕೂಲು ತೆರೆದದ್ದು 1968ರಲ್ಲಿ. 1972ಕ್ಕೇ ಮಾವೋರಿ ಮತ್ತು ಪೆಸಿಫಿಕ್ ಮಕ್ಕಳಿಗೆ ಪ್ರತ್ಯೇಕ ಪ್ರವೇಶ ದಾರಿ ಮಾಡಿದರು. ಮಾಪಾಸ್ ಅಂತ ಎಲ್ಲರೂ ಕರೆಯುತ್ತಾರೆ. ಅದಕ್ಕೂ ಮುಂಚೆ ಮಾವೋರಿ ಡಾಕ್ಟರೇ ಇರಲಿಲ್ಲ ಅಂತಲ್ಲ. ಮಾವುಇ ಪೋಮರೆ ಶಿಕಾಗೋಗೆ ಹೋಗಿ ಓದಿ 1899ರಲ್ಲಿ ಮೊದಲ ಮಾವೋರಿ ಡಾಕ್ಟರಾದರು. ತೆ ರಾಂಗಿ ಹೀರೋವ, ಇಂಗ್ಲಿಷರ ಬಾಯಲ್ಲಿ ಪೀಟರ್ ಬಕ್, 1904ರಲ್ಲಿ ಒಟಾಗೋದಲ್ಲಿ ಪದವಿ ಪಡೆದರು. ಇಬ್ಬರೂ ಊರೂರು ಸುತ್ತಿ ನೀರು, ಪಾಯಿಖಾನೆ, ವಸತಿ ಸರಿಪಡಿಸಿದ ಮಹನೀಯರು. ಆದರೆ ಅಂಥ ಒಬ್ಬಿಬ್ಬರ ನಂತರ ದಾರಿ ಅಗಲವಾಗಲಿಲ್ಲ. ಈವತ್ತಿಗೂ ಆ ದೇಶದ ಜನಸಂಖ್ಯೆಯಲ್ಲಿ ಮಾವೋರಿಗಳು ನೂರಕ್ಕೆ ಹದಿನೇಳರಷ್ಟಿದ್ದರೆ ಡಾಕ್ಟರುಗಳಲ್ಲಿ ನೂರಕ್ಕೆ ಐದರ ಆಸುಪಾಸು. ಆಯಸ್ಸಿನಲ್ಲಿ ಉಳಿದವರಿಗಿಂತ ಸುಮಾರು ಏಳು ವರ್ಷ ಕಡಿಮೆ.

ಅರ್ಜಿ ತುಂಬಿದ್ದು ಹುಡುಗಿಯ ಅಜ್ಜಿಯ ಅಡುಗೆಮನೆಯಲ್ಲಿ. ಅಜ್ಜಿಯನ್ನು ಊರೆಲ್ಲ ನ್ಯಾನ್ ಅಂತಲೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಎದುರಿಗೆ ಉರಿಯುವ ಒಲೆ, ಮೇಲೆ ಕೆಟಲ್ಲು, ಮೇಜಿನ ಮೇಲೆ ಹುರಿದ ಬ್ರೆಡ್ಡು. ಅರ್ಜಿಯಲ್ಲಿ ವಂಶದ ವಿವರ ಕೇಳಿದ್ದರು, ಅದು ನಿಜ ಅಂತ ಕುಲದ ಹಿರಿಯರು ದೃಢಪಡಿಸಬೇಕು. ನಮ್ಮಲ್ಲಾದರೆ ನಾಡಕಚೇರಿ, ತಹಶೀಲ್ದಾರರ ಸಹಿ, ಆರ್‌ಡಿ ನಂಬರು. ಅಲ್ಲಿ ನ್ಯಾನ್ ಕಣ್ಣು ಮುಚ್ಚಿ ತನ್ನ ತಾಯಿ, ಅವಳ ತಾಯಿ, ಅವಳ ಅಪ್ಪ ಅಂತ ಶುರುಮಾಡಿದರು. ಹುಡುಗಿ ಬರೆಯುತ್ತಾ ಹೋದಳು. ಗೆರೆ ಹಾಕಿದ ಜಾಗ ಮುಗಿಯಿತು, ಹಾಳೆಯ ಹಿಂಬದಿ ತುಂಬಿತು, ನ್ಯಾನ್ ನಿಲ್ಲಿಸಲಿಲ್ಲ. ಕೊನೆಗೆ ಒಂದು ಹೆಸರು ಹೇಳಿ ಕಣ್ಣು ತೆರೆದು, "ಇವನು ಮಾಂಗುಂಗುವಿನಲ್ಲಿ ಗುರುತು ಹಾಕಿದವನು" ಅಂದರು.

ಆ ಮಾತಿನ ತೂಕ ನನಗೆ ಆಮೇಲೆ ಓದಿ ತಿಳಿಯಿತು. 1840ರ ಫೆಬ್ರವರಿ 6ರಂದು ಬ್ರಿಟಿಷರೂ ಮಾವೋರಿ ನಾಯಕರೂ ವೈಟಾಂಗಿಯಲ್ಲಿ ಒಪ್ಪಂದ ಮಾಡಿಕೊಂಡರು. ಆರು ದಿನದ ನಂತರ ಅದೇ ಕಾಗದ ಹೊಕಿಯಾಂಗದ ಮಾಂಗುಂಗುವಿಗೆ ಬಂತು, ಅಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಗುರುತು ಹಾಕಿದರು. ಬ್ರಿಟಿಷ್ ಪ್ರಜೆಗಳಿಗೆ ಇರುವ ಹಕ್ಕುಗಳೆಲ್ಲ ಮಾವೋರಿಗಳಿಗೂ ಉಂಟು ಅನ್ನುತ್ತದೆ ಅದರ ಮೂರನೇ ಕಲಮು. ನ್ಯಾನ್ ವಾದ ಸರಳವಾಗಿತ್ತು: "ಅವರ ಮೊಮ್ಮಕ್ಕಳಷ್ಟು ವರ್ಷ ನನ್ನ ಮೊಮ್ಮಕ್ಕಳೂ ಬದುಕಬೇಕು. ಅದನ್ನೇ ಅಲ್ಲವಾ ಬರೆದುಕೊಟ್ಟದ್ದು?" ಮೀಸಲಾತಿಯ ಬಗ್ಗೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ, ಇಷ್ಟು ನೇರ ಮಾತು ಕೇಳಿರಲಿಲ್ಲ.

ಸಂದರ್ಶನದ ದಿನ ಕತ್ತಲಿರುವಾಗಲೇ ಹೊರಟೆವು. ನನ್ನ ಹಳೇ ಟೊಯೊಟಾ, ಮುಂದೆ ನ್ಯಾನ್, ಹಿಂದೆ ಹುಡುಗಿ ಮತ್ತು ಅವಳ ಚಿಕ್ಕಪ್ಪ. ಎರಡು ದಿನ ಮುಂಚೆಯಷ್ಟೇ ಇಂಜೆಕ್ಷನ್ ಆಗಿತ್ತು, ಹುಡುಗಿಗೆ ನೆಟ್ಟಗೆ ಕೂರಲಾಗದು. ಫಾಂಗರೆ ದಾಟಿ ಬ್ರಿಂಡರ್‌ವಿನ್ ಘಾಟಿ ಇಳಿಯುವಾಗ ತಿರುವು ತಿರುವಿಗೂ ಸೊಂಟ ಹಿಡಿದುಕೊಳ್ಳುತ್ತಿದ್ದಳು. ಬಾಯಲ್ಲಿ ಮಾತ್ರ ಮೋಲ್ ಲೆಕ್ಕ. ಚಿಕ್ಕಪ್ಪ ಕಾಡಲ್ಲಿ ಮರ ಕಡಿಯುವ ಕೆಲಸದವರು, ಅವಳ ನೋಟ್ಸು ಕೈಲಿ ಹಿಡಿದು ಪ್ರಶ್ನೆ ಓದುವರು, ಉತ್ತರ ಸರಿಯೋ ತಪ್ಪೋ ಅಂತ ಕನ್ನಡಿಯಲ್ಲಿ ನನ್ನ ಮುಖ ನೋಡುವರು. ಹಾರ್ಬರ್ ಬ್ರಿಜ್ ಮೇಲೆ ಬೆಳಕಾಯಿತು.

ಮೆಡಿಕಲ್ ಕ್ಯಾಂಪಸ್ಸು ಗ್ರಾಫ್ಟನ್‌ನಲ್ಲಿ, ಆಕ್ಲೆಂಡಿನ ದೊಡ್ಡ ಆಸ್ಪತ್ರೆಯ ಎದುರಿಗೇ ಇದೆ. ನಾನು ಅಂದುಕೊಂಡಿದ್ದದ್ದು ಹುಡುಗಿಯನ್ನು ಒಳಗೆ ಬಿಟ್ಟು ನಾವು ಹೊರಗೆ ಬೆಂಚಿನ ಮೇಲೆ ಕಾಯಬೇಕು ಅಂತ. ಹಾಗಲ್ಲ, ಎಲ್ಲರನ್ನೂ ಒಳಗೆ ಕರೆದರು. ದೊಡ್ಡ ಕೋಣೆ, ಒಂದು ಕಡೆ ಯೂನಿವರ್ಸಿಟಿಯವರು, ಎದುರಿಗೆ ಮನೆಯವರ ಸಮೇತ ಮಕ್ಕಳು. ಕಂಕುಳಲ್ಲಿ ಕೂಸು ಎತ್ತಿಕೊಂಡ ಅಕ್ಕಂದಿರು, ಕೆಲಸದ ಬೂಟಿನಲ್ಲೇ ಬಂದ ಅಪ್ಪಂದಿರು, ಹೂವಿನ ಅಂಗಿ ತೊಟ್ಟ ಸಮೋವದ ಅಜ್ಜಂದಿರು. ಮಾವೋರಿಯಲ್ಲಿ ಸ್ವಾಗತದ ಮಾತು, ಪ್ರಾರ್ಥನೆ, ಆಮೇಲೆ ಹಾಡು. ಅವರ ಪದ್ಧತಿಯಲ್ಲಿ ಯಾರು ಮಾತಾಡಿದರೂ ಅವರ ಕಡೆಯವರು ಎದ್ದು ಹಾಡಿ ಆ ಮಾತಿಗೆ ಬಲ ಕೊಡಬೇಕು. ನ್ಯಾನ್ ನನ್ನ ಮೊಣಕೈ ಹಿಡಿದು ಎಬ್ಬಿಸಿದರು. ಶಾಲೆಯ ಪ್ರಾರ್ಥನೆಯಲ್ಲಿ ಕೇಳಿ ಕೇಳಿ ಬಾಯಿಗೆ ಬಂದಿದ್ದ ಹಾಡು, ಹಾಡಿದೆ.

ಮಕ್ಕಳು ಪರೀಕ್ಷೆ, ಸಂದರ್ಶನಕ್ಕೆ ಒಳಹೋದರು. ಚಿಕ್ಕದೊಂದು ಗಣಿತ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ, ಆಮೇಲೆ ಒಂದಾದ ಮೇಲೊಂದು ಪುಟ್ಟ ಪುಟ್ಟ ಸಂದರ್ಶನ. ಏನು ಕೇಳಿದರು ಅಂತ ಹೊರಗೆ ಹೇಳುವ ಹಾಗಿಲ್ಲ. ಹುಡುಗಿ ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಹೊತ್ತಲ್ಲಿ ಮನೆಯವರನ್ನು ಕೂರಿಸಿಕೊಂಡು ಈ ಓದು ಎಷ್ಟು ವರ್ಷ, ಖರ್ಚು ಎಷ್ಟು, ಮಗು ಮನೆಯಿಂದ ದೂರ ಇದ್ದು ಸೋತು ಅತ್ತಾಗ ಯಾರಿಗೆ ಫೋನ್ ಮಾಡಬೇಕು, ಎಲ್ಲ ತಿಳಿಸಿದರು. ಚಿಕ್ಕಪ್ಪ ಕೈ ಎತ್ತಿ, "ಊರಲ್ಲಿ ಸಾವಾದರೆ ಇವಳನ್ನು ಕಳಿಸ್ತೀರಾ?" ಅಂತ ಕೇಳಿದರು. ಮಾವೋರಿಗಳಲ್ಲಿ ಸಾವಿನ ವಿಧಿ ಮೂರು ದಿನ ನಡೆಯುತ್ತದೆ, ಬಂಧುಗಳು ಶವದ ಪಕ್ಕದಲ್ಲೇ ಇರಬೇಕು. ಹೇಗೆ ರಜೆ ಕೇಳಬೇಕು, ತಪ್ಪಿದ ಪಾಠ ಹೇಗೆ ತುಂಬಿಕೊಡುತ್ತಾರೆ ಅಂತ ಅಲ್ಲಿದ್ದ ಮೇಡಂ ಸಾವಧಾನವಾಗಿ ವಿವರಿಸಿದರು. ಚಿಕ್ಕಪ್ಪನ ಭುಜ ಆಗ ಸಡಿಲಾಯಿತು. ಇಂಥ ಒಂದು ಪ್ರಶ್ನೆಗೆ ಉತ್ತರ ಸಿಗದೆ ಓದು ಬಿಟ್ಟು ವಾಪಸಾದ ಮಕ್ಕಳು ಎಷ್ಟೋ.

ಊಟದ ಹೊತ್ತಿಗೆ ಒಬ್ಬ ಹಿರಿಯರು ನನ್ನ ಪಕ್ಕ ಕೂತು, "ನಿನ್ನ ಬೆಟ್ಟ ಯಾವುದು, ನದಿ ಯಾವುದು?" ಅಂತ ವಿಚಾರಿಸಿದರು. ಅವರಲ್ಲಿ ಪರಿಚಯ ಶುರುವಾಗುವುದೇ ಹಾಗೆ. ಕೊಡಚಾದ್ರಿ ಅಂದೆ, ಶರಾವತಿ ಅಂದೆ. ನದಿ ದಂಡೆಯ ನಮ್ಮಜ್ಜನ ಮನೆ, ಗದ್ದೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದವು, 1964ರ ಮಾತು ಅಂದೆ. ಅವರು ತಿನ್ನುವುದನ್ನು ನಿಲ್ಲಿಸಿ, "ಹಾಗಾದರೆ ನಿನಗೆ ಗೊತ್ತು" ಅಂದರು. ಅಷ್ಟೇ. ಆ ದಿನದ ಉಳಿದ ಹೊತ್ತೆಲ್ಲ ನನ್ನನ್ನು ಎಲ್ಲರಿಗೂ ತಮ್ಮ ಕಡೆಯವಳು ಅಂತಲೇ ಪರಿಚಯಿಸಿದರು.

ಕೆಲವು ವಾರಕ್ಕೆ ಪತ್ರ ಬಂತು. ಮಾಪಾಸ್‌ನವರು ಪಾಸು, ಫೇಲು ಅಂತ ಬರೆಯುವುದಿಲ್ಲ. ಈ ಮಗು ಎಲ್ಲಿಂದ ಶುರುಮಾಡಿದರೆ ಗೆಲ್ಲುತ್ತದೆ ಅಂತ ಹೇಳುತ್ತಾರೆ. ಕೆಲವರು ನೇರ ಪದವಿಯ ಮೊದಲ ವರ್ಷಕ್ಕೆ ಹೋಗಬಹುದು, ಕೆಲವರು ಮೊದಲು ಒಂದು ವರ್ಷದ ಹೆಲ್ತ್ ಸೈನ್ಸ್ ಸರ್ಟಿಫಿಕೇಟ್ ಮಾಡಲಿ, ಇನ್ನು ಕೆಲವರಿಗೆ ಈ ದಾರಿ ಈಗ ಬೇಡ. ನಮ್ಮ ಹುಡುಗಿಗೆ ಸರ್ಟಿಫಿಕೇಟ್ ವರ್ಷ ಹೇಳಿದ್ದರು. ಕೆಮಿಸ್ಟ್ರಿ ಪರವಾಗಿಲ್ಲ, ಫಿಸಿಕ್ಸು, ಗಣಿತ ಗಟ್ಟಿಯಾಗಬೇಕು. ಹುಡುಗಿ ಪತ್ರ ಮಡಿಸಿ ಬ್ಯಾಗಿಗೆ ತುರುಕಿ, "ನಾನು ದಡ್ಡಿ ಅಂತ ತಾನೇ ಮಿಸ್?" ಅಂದಳು. ಅಳು ತಡೆದ ದನಿ.

ಅವತ್ತು ಸಂಜೆ ಅವಳಿಗೆ ಏನು ಹೇಳಿದೆನೋ ಅದನ್ನೇ ನಿಮಗೂ ಹೇಳುತ್ತೇನೆ. ಆಕ್ಲೆಂಡಿನ ದೊಡ್ಡ ಶಾಲೆಯ ಮಗುವಿಗೆ ಮೂರು ವಿಜ್ಞಾನಕ್ಕೆ ಮೂವರು ಮೇಷ್ಟ್ರು, ಮನೆಯಲ್ಲಿ ಓದುವ ಕೋಣೆ, ಟ್ಯೂಷನ್ನು. ಇವಳಿಗೆ ಎರಡು ತರಗತಿ ಸೇರಿಸಿದ ಕೋಣೆಯಲ್ಲಿ ಅರ್ಧ ಮೇಷ್ಟ್ರು. ಆ ಒಂದು ವರ್ಷ ಇವಳಿಗೆ ಸಲ್ಲಬೇಕಾಗಿದ್ದ ಬಾಕಿ, ಶಿಕ್ಷೆ ಅಲ್ಲ. ಸಿದ್ಧವಿಲ್ಲದ ಮಗುವನ್ನು ನೇರ ಒಳಗೆ ತಳ್ಳಿ, ಅದು ಫೇಲಾದ ಮೇಲೆ "ನೋಡಿದಿರಾ, ಇವರ ಕೈಲಾಗುವುದಿಲ್ಲ" ಅನ್ನುವುದು ಎಲ್ಲಕ್ಕಿಂತ ಕ್ರೂರ. ಮಾಪಾಸ್‌ನ ನಿಜವಾದ ಕೆಲಸ ಸೀಟು ಕೊಡುವುದರಲ್ಲಿ ಮುಗಿಯುವುದಿಲ್ಲ ಅಂತ ನಾನು ಕಂಡುಕೊಂಡದ್ದು ಆಗ. ಮುಂಚೆ ಶಾಲೆಗೆ ಬಂದು ಹುಡುಕಬೇಕು, ತಳಪಾಯ ಕಟ್ಟಬೇಕು, ಒಳಗೆ ಬಂದ ಮೇಲೆ ಟ್ಯುಟೋರಿಯಲ್ಲು, ಜೊತೆಗೆ ಓದುವ ಜಾಗ, ಕೈಹಿಡಿಯುವ ಸೀನಿಯರುಗಳು. ಇದರಲ್ಲಿ ಒಂದು ತಪ್ಪಿದರೂ ಸೀಟು ಬರೀ ಕಾಗದದ ಮೇಲಿನದಾಗುತ್ತದೆ.

ಇಲ್ಲೂ ನೋಡಿ, ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಕರ್ನಾಟಕದಲ್ಲಿ 2022ರಲ್ಲಿ ನೂರಕ್ಕೆ ಮೂರರಿಂದ ಏಳಕ್ಕೆ ಏರಿಸಿದರು. ಒಳ್ಳೆಯದೇ ಆಯಿತು. ಆದರೆ ಕಾಡಂಚಿನ ಹಾಡಿಯ ಮಗು ಆ ಸೀಟಿನವರೆಗೆ ನಡೆದು ಬರಬೇಕಲ್ಲ? ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುಮಾಡಿ ಸೋಲಿಗರ ನಡುವೆ ವೈದ್ಯಕೀಯ ಮಾಡಿದರು. ಜೊತೆಗೇ ಮಕ್ಕಳಿಗೆ ಶಾಲೆಯನ್ನೂ ಕಟ್ಟಿದರು. ಆಸ್ಪತ್ರೆ ಕಟ್ಟಿದವರು ಶಾಲೆ ಯಾಕೆ ಕಟ್ಟಿದರು ಅನ್ನುವುದು ನನಗೆ ನಾರ್ತ್‌ಲ್ಯಾಂಡಿನಲ್ಲಿ ಚೆನ್ನಾಗಿ ಅರ್ಥವಾಯಿತು.

ಹುಡುಗಿ ಹೋದಳು. 2013 ಸರ್ಟಿಫಿಕೇಟ್ ವರ್ಷ. ಮರುವರ್ಷ ಪದವಿಯ ಮೊದಲ ವರ್ಷ. ಅಲ್ಲಿ ಎಲ್ಲರ ಜೊತೆ ಒಂದೇ ಪರೀಕ್ಷೆ ಬರೆದು ಬೇಕಾದ ಅಂಕ ತೆಗೆದರೆ ಮಾತ್ರ ಮೆಡಿಸಿನ್. 2015ಕ್ಕೆ ಒಳಗೆ ಕಾಲಿಟ್ಟಳು. ಅದೇ ಹೊತ್ತಿಗೆ ಸ್ಟಾಫ್‌ರೂಮಿನಲ್ಲಿ ಒಬ್ಬರು ನನ್ನೆದುರೇ, "ನನಗೆ ಆಪರೇಷನ್ ಮಾಡೋರು ಹೆಚ್ಚು ಮಾರ್ಕ್ಸ್ ತಗೊಂಡೋರೇ ಆಗಿರಲಿ" ಅಂದರು. ಒಳಗೆ ಹೋದ ಮೇಲೆ ಪರೀಕ್ಷೆ ಒಂದೇ, ವಾರ್ಡು ಒಂದೇ, ಪಾಸಾಗುವ ಗೆರೆ ಒಂದೇ, ಯಾವ ದಾರಿಯಲ್ಲಿ ಬಂದರೂ ಕೈಗೆ ಸಿಗುವ ಪದವಿ ಒಂದೇ ಅಂತ ಹೇಳಿದೆ. ಅವರಿಗೆ ಹಿಡಿಸಲಿಲ್ಲ. ಆ ವಾದ ಅಲ್ಲಿಗೆ ಮುಗಿಯಲೂ ಇಲ್ಲ. 2023ರಲ್ಲಿ ಹೊಸ ಸರ್ಕಾರ ಬಂದಾಗ ಆಕ್ಲೆಂಡ್ ಮತ್ತು ಒಟಾಗೋದ ಈ ಪ್ರವೇಶ ಯೋಜನೆಗಳು ಫಲ ಕೊಡುತ್ತಿವೆಯೇ ಅಂತ ಪರಿಶೀಲಿಸುವುದಾಗಿ ಮೈತ್ರಿ ಒಪ್ಪಂದದಲ್ಲೇ ಬರೆದುಕೊಂಡರು. ಫಲ ಅಂದರೆ ಏನು ಅನ್ನುವುದಕ್ಕೆ ನಮ್ಮ ಮನೆಯಲ್ಲೇ ಒಂದು ಉದಾಹರಣೆ ಇದೆ.

ನಮ್ಮನೆಯವರು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿ ಅಲ್ಲಿಗೆ ಹೋದವರು. ನ್ಯೂಜಿಲೆಂಡಿನ ಡಾಕ್ಟರುಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ಹೀಗೇ ಹೊರದೇಶದಲ್ಲಿ ಓದಿ ಬಂದವರು. ಕೆಲಸದಲ್ಲಿ ಇವರಿಗೆ ಒಳ್ಳೆಯ ಹೆಸರಿತ್ತು, ಆದರೂ ರಾತ್ರಿ ಊಟಕ್ಕೆ ಕೂತಾಗ ಒಂದೇ ಕೊರಗು: "ಏನು ಕೇಳಿದರೂ 'ಎಲ್ಲ ಚೆನ್ನಾಗಿದೆ ಡಾಕ್ಟರೇ' ಅಂತಾರೆ ಕಣೇ. ಆರು ತಿಂಗಳಿಗೆ ಉಸಿರು ಕಟ್ಟಿ ಆಂಬುಲೆನ್ಸಲ್ಲಿ ಬರ್ತಾರೆ. ನಡುವೆ ಏನಾಯ್ತು ಅಂತ ನನಗೆ ಹೇಳೋದೇ ಇಲ್ಲ."

2020ರಲ್ಲಿ ಹುಡುಗಿ ಹೌಸ್ ಆಫೀಸರ್ ಆಗಿ ಕೆಲಸಕ್ಕೆ ಸೇರಿದಳು. ಒಂದು ರಾತ್ರಿ ಫೋನ್ ಮಾಡಿದಳು, ನಾನು ಸ್ಪೀಕರಿಗೆ ಹಾಕಿದೆ. ಹೆಸರು, ಊರು ಏನೂ ಹೇಳದೆ ಒಬ್ಬ ಮುದುಕರ ವಿಷಯ ಹೇಳಿದಳು. ಹೃದಯ ಸೋತು ಕಾಲು ಊದಿಕೊಂಡು ಮತ್ತೆ ಮತ್ತೆ ಅಡ್ಮಿಟ್ ಆಗುತ್ತಿದ್ದರಂತೆ. ಮಾತ್ರೆ ತಗೋತೀರಾ ಅಂದರೆ ತಗೋತೀನಿ ಅನ್ನುವರು. ಇವಳು ಫೈಲು ಪಕ್ಕಕ್ಕಿಟ್ಟು ಕುರ್ಚಿ ಎಳೆದುಕೊಂಡು ಮೊದಲು ತಾನು ಯಾರ ಮೊಮ್ಮಗಳು ಅಂತ ಹೇಳಿದಳು. ಮುದುಕರು ತಮ್ಮ ಅಮ್ಮನ ಕಡೆಯ ಹೆಸರು ಹೇಳಿದರು. ಯಾವುದೋ ಹಳೇ ದೋಣಿಗಟ್ಟೆ, ಅಲ್ಲಿ ಮೀನು ಹಿಡಿಯುತ್ತಿದ್ದ ಯಾವುದೋ ಮಾವ, ಇಬ್ಬರಿಗೂ ಗೊತ್ತಿದ್ದವರು. ಹತ್ತು ನಿಮಿಷ ಬರೀ ಇದೇ ಮಾತು. ಮೊದಲು ನಮಸ್ಕಾರ, ಆಮೇಲೆ ಸಂಬಂಧ ಹುಡುಕುವುದು, ಅದಾದ ಮೇಲೆಯೇ ಕಾಯಿಲೆ, ಕೊನೆಗೆ ಸರಿಯಾಗಿ ಬೀಳ್ಕೊಡುವುದು. ಮಾವೋರಿ ಸಭೆಯ ಈ ಕ್ರಮವನ್ನು ಆ ದೇಶದ ಮೆಡಿಕಲ್ ಸ್ಕೂಲುಗಳಲ್ಲಿ ಈಗ ಪಾಠವಾಗಿಯೇ ಕಲಿಸುತ್ತಾರೆ. ಇವಳಿಗೆ ಅದು ಮನೆಯಲ್ಲೇ ಬಂದ ವಿದ್ಯೆ.

ಕೊನೆಗೆ ಮುದುಕರು ಹೇಳಿದರಂತೆ: ನೀರಿನ ಮಾತ್ರೆ ನುಂಗಿದರೆ ಗಳಿಗೆಗೊಮ್ಮೆ ಒಂದಕ್ಕೆ ಹೋಗಬೇಕು. ಆಸ್ಪತ್ರೆಗೆ ಬರುವುದು ಎರಡು ಗಂಟೆ ದಾರಿ, ಪಕ್ಕದಲ್ಲಿ ಗಾಡಿ ಓಡಿಸುವವಳು ಸೊಸೆ. ಅವಳಿಗೆ ನಿಲ್ಲಿಸು ಅಂತ ಹೇಗೆ ಹೇಳುವುದು? ಅದಕ್ಕೇ ಹೊರಗೆ ಹೊರಡುವ ದಿನವೆಲ್ಲ ಮಾತ್ರೆ ಬಿಡುತ್ತಿದ್ದರು. ಇತ್ತೀಚೆಗೆ ಮೊಮ್ಮಕ್ಕಳ ಆಟ, ಊರಿನ ಸಾವು ಅಂತ ವಾರಕ್ಕೆ ನಾಲ್ಕು ದಿನ ಹೊರಗೇ. ಹುಡುಗಿ ಮೇಲಿನ ಡಾಕ್ಟರನ್ನು ಕೇಳಿ ಮಾತ್ರೆಯ ಹೊತ್ತು ಬದಲಿಸಿದಳು, ಮನೆಗೆ ಬಂದ ಮೇಲೆ ಮಧ್ಯಾಹ್ನ ತಗೊಳ್ಳಿ ಅಂದಳು. ನಮ್ಮನೆಯವರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. "ಇಷ್ಟೇನಾ?" ಅಂದರು. ಆಮೇಲೆ ಫೋನಿನ ಹತ್ತಿರ ಬಾಗಿ, "ಅಲ್ಲಮ್ಮ, ಇದನ್ನ ನಾನು ಹೇಗೆ ಕೇಳಬೇಕು ಹೇಳು" ಅಂತ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡರು. ಮಾರನೇ ವಾರದಿಂದ ಅವರೂ ವಾರ್ಡಿನಲ್ಲಿ ಕುರ್ಚಿ ಎಳೆದುಕೊಂಡು ಕೂತು ಶರಾವತಿಯಿಂದ ಮಾತು ಶುರುಮಾಡುತ್ತಿದ್ದರು. ಮುಂಚಿಗಿಂತ ವಾಸಿ. ಆದರೆ ಆ ದೋಣಿಗಟ್ಟೆಯ ಮಾವ ಅವರಿಗೆ ಎಲ್ಲಿಂದ ಸಿಗಬೇಕು?

ರಜೆಯಲ್ಲಿ ಊರಿಗೆ ಬಂದಾಗ ಹುಡುಗಿ ಶಾಲೆಗೆ ಬಂದಳು. ಅವತ್ತು ನರ್ಸಮ್ಮನ ಸರದಿ. ಇಂಜೆಕ್ಷನ್ನಿಗೆ ಕಾಯುತ್ತಿದ್ದ ಚಿಕ್ಕ ಮಕ್ಕಳ ಸಾಲಿನಲ್ಲಿ ಹೋಗಿ ಕೂತು, ತನಗೆ ಎಷ್ಟು ವರ್ಷ ಚುಚ್ಚಿದರು, ಎಲ್ಲಿ ಚುಚ್ಚಿದರು, ನೋಯದ ಹಾಗೆ ಹೆಬ್ಬೆರಳಿನಿಂದ ಎಲ್ಲಿ ಮೊದಲೇ ಒತ್ತಿಕೊಳ್ಳಬೇಕು ಅಂತ ತೋರಿಸಿದಳು. ಮಧ್ಯಾಹ್ನ ನನ್ನ ತರಗತಿಗೆ ಬಂದು ಕರಗುವಿಕೆಯ ಪಾಠ ತಾನೇ ಮಾಡಿದಳು. ಆ ವರ್ಷ ಫಿಸಿಕ್ಸ್ ಬೇಕು ಅಂತ ಮಕ್ಕಳೇ ಪ್ರಿನ್ಸಿಪಾಲರ ಹತ್ತಿರ ಹೋದರು, ಹೆಸರು ಕೊಟ್ಟವರು ಹೆಚ್ಚಿದ್ದರಿಂದ ವಾರಕ್ಕೆರಡು ದಿನ ಬೇರೆ ಊರಿಂದ ಒಬ್ಬ ಮೇಷ್ಟ್ರು ಬರುವ ಏರ್ಪಾಡಾಯಿತು. ವಸಂತದಲ್ಲಿ ಮತ್ತೆ ಗ್ರಾಫ್ಟನ್‌ಗೆ ಹೊರಟಾಗ ನನ್ನ ಟೊಯೊಟಾದಲ್ಲಿ ಎಲ್ಲರೂ ಹಿಡಿಸಲಿಲ್ಲ. ಶಾಲೆಯ ವ್ಯಾನ್ ತಗೊಂಡು ಹೋದೆವು, ಹುಡುಗಿಯ ಚಿಕ್ಕಪ್ಪನೇ ಓಡಿಸಿದರು.